ಪೆಟ್ಟಿಗೆಯಲ್ಲಿ ಇಲ್ಲದ 58 ಸೆಂಟಿಮೀಟರ್

ಶಿರಾಡಿ ಘಾಟಿಯಲ್ಲಿ ಹೆದ್ದಾರಿ 75ಕ್ಕೆ ಸುರಂಗ ಕೊರೆಯುವ ಯೋಚನೆ ನಡೆದಿದ್ದಾಗ, ಕೊರೆದು ತೆಗೆದ ಕಲ್ಲಿನ ಕೋರ್ (ಕೋಲಿನಂಥ ದುಂಡನೆಯ ಮಾದರಿ) ನೋಡಿ ವಿವರ ಬರೆಯುವ ಕೆಲಸ ನನ್ನದಾಗಿತ್ತು. ಮೇಲೆ ಕಾಡು, ಅದರಡಿ ಕಲ್ಲೇ ಕೊಳೆತು ಆದ ಕೆಂಪು ಮಣ್ಣು, ಇನ್ನೂ ಕೆಳಗೆ ನೈಸ್ ಎಂಬ ಗಟ್ಟಿ ಶಿಲೆ. ಜಿಗಣೆಗಳ ಕಾಟ ಬೇರೆ.

61.5ರಿಂದ 63 ಮೀಟರ್ ಆಳದ ಕೋರ್ ಪೆಟ್ಟಿಗೆಗೆ ಬಂದಾಗ ತುಂಡುಗಳನ್ನು ಒತ್ತಾಗಿ, ಬಲು ಅಂದವಾಗಿ ಜೋಡಿಸಿದ್ದರು. ಅಳೆದೆ. ಒಂದೂವರೆ ಮೀಟರ್ ಕೊರೆದದ್ದಕ್ಕೆ ಸಿಕ್ಕಿದ್ದು 92 ಸೆಂಟಿಮೀಟರ್. ಅದರಲ್ಲಿ 10 ಸೆಂಟಿಮೀಟರಿಗಿಂತ ಉದ್ದದವು 14, 12 ಮತ್ತು 13. ಹದಿಮೂರರ ಪಕ್ಕದಲ್ಲಿ 9ರದೊಂದು ತುಂಡಿತ್ತು. ಎರಡರ ಮುರಿದ ಮುಖವೂ ಹೊಳೆಯುತ್ತಿತ್ತು, ತುಕ್ಕಿನ ಕಲೆಯಿಲ್ಲ, ಜೇಡಿಯಿಲ್ಲ. ನೆಲದೊಳಗಿನ ಬಿರುಕಲ್ಲ, ಪೆಟ್ಟಿಗೆಯಲ್ಲಿ ಹಿಡಿಸಲು ಯಾರೋ ಸುತ್ತಿಗೆಯಿಂದ ಮುರಿದದ್ದು. ಅವೆರಡನ್ನೂ ಸೇರಿಸಿ 22 ಎಂದೆಣಿಸಿದೆ. ಒಟ್ಟು 48, ಅಂದರೆ ಕೊರೆದ ಉದ್ದದಲ್ಲಿ ಇಂಥ ಉದ್ದ ತುಂಡುಗಳ ಪಾಲೆಷ್ಟು ಎಂದು ಹೇಳುವ, ಕಲ್ಲಿನ ಗುಣಮಟ್ಟದ ಅಳತೆಯಾದ ಆರ್‌ಕ್ಯೂಡಿ ಶೇಕಡಾ 32. ಸೇರಿಸದಿದ್ದರೆ 26 ಆಗುತ್ತಿತ್ತು.

ಆದರೆ ನನ್ನ ತಲೆ ತಿಂದದ್ದು ಬಾರದೇ ಹೋದ 58 ಸೆಂಟಿಮೀಟರ್. ಗಟ್ಟಿ ಕಲ್ಲು ಮೇಲೆ ಬಂದೇ ಬರುತ್ತದೆ. ಕೊರೆಯುವಾಗ ಹಾಯಿಸುವ ನೀರಿನೊಡನೆ ತೊಳೆದುಹೋಗುವುದು ಮೆತ್ತಗಿನದು, ಸುರಂಗದಲ್ಲಿ ತಲೆಯ ಮೇಲೆ ಬೀಳುವುದೂ ಅದೇ. ಡ್ರಿಲ್ಲರನ್ನು ಕೇಳಿದೆ. "ಅಲ್ಲಿ ರಾಡ್ ತಾನಾಗಿಯೇ ಇಳಿಯಿತು ಸಾರ್, ಆಮೇಲೆ ನೀರು ಮೇಲೆ ಬರಲೇ ಇಲ್ಲ" ಎಂದ. ದಿನದ ವರದಿಯಲ್ಲಿ ಇದರ ಒಂದಕ್ಷರವೂ ಇರಲಿಲ್ಲ.

ನಕ್ಷೆ ಬಿಡಿಸಿದರೆ, ಪಕ್ಕದ ತೊರೆ ಅಳತೆಪಟ್ಟಿ ಇಟ್ಟು ಎಳೆದಂತೆ ನೇರವಾಗಿ ಹರಿದಿತ್ತು. ಕಾಡಿನ ತೊರೆ ಸುಮ್ಮನೆ ಅಷ್ಟು ನೇರ ಹರಿಯುವುದಿಲ್ಲ, ಅಡಿಯಲ್ಲಿ ಕಲ್ಲು ಬಿರುಕುಬಿಟ್ಟ ಪಟ್ಟಿಯನ್ನು ಹಿಡಿದು ಹೋಗುತ್ತಿರಬೇಕು. ನಮ್ಮದು ದಡದಲ್ಲಿ ನೆಟ್ಟನೆ ಇಳಿದ ಬೋರ್. ಕಡಿದಾದ ಬಿರುಕುವಲಯದ ಅಂಚು ಸವರಿಕೊಂಡು ಹೋಗಿರಬಹುದು ಅಷ್ಟೆ. ತೊರೆಯ ಅಡಿಗೆ ಓರೆಯಾಗಿ ಇನ್ನೊಂದು ಬೋರ್ ಬೇಕೆಂದೆ. ಖರ್ಚಿನ ಮಾತು ಎದ್ದಿತು, ಎರಡು ವಾರ ಕಾಗದ ಓಡಾಡಿತು, ಕೊನೆಗೆ ಒಪ್ಪಿಗೆ ಸಿಕ್ಕಿತು.

ಈ ಸಲ ಮೂರು ಪದರದ ಕೊಳವೆ ಹಾಕಿಸಿ, ನೀರಿನ ಒತ್ತಡ ತಗ್ಗಿಸಿ, ಅವಸರ ಮಾಡದೆ ಕೊರೆಯಲು ಹೇಳಿದೆ. ನಾಲ್ಕು ಮೀಟರಿನಷ್ಟು ಹಸಿರು ಛಾಯೆಯ ಜೇಡಿ, ನಡುನಡುವೆ ನುಚ್ಚುಗಲ್ಲು ಬಂದವು. ಹಿಂಡಿದರೆ ಬೆರಳಚ್ಚು ಉಳಿಯುವಷ್ಟು ಮೆತ್ತಗೆ.

ಭೂಮಿಯೊಳಗೆ ಕಂಪನದ ಅಲೆ ಹಾಯಿಸಿ ಮಾಡಿದ ಸಮೀಕ್ಷೆಯಲ್ಲಿ ಅದೇ ಜಾಗದಲ್ಲಿ ಅಲೆಯ ವೇಗ ಕುಸಿದಿತ್ತು. ತಿಂಗಳ ಹಿಂದೆ ಅದನ್ನು ನೋಡಿ, ತೊರೆಯ ಬದಿಯ ದಪ್ಪ ಮಣ್ಣಿರಬೇಕು ಎಂದು ಷರಾ ಬರೆದವನು ನಾನೇ.