ಆನೆಗೊಂದಿಯಲ್ಲಿ ಮನೆ ಹಿಡಿದು, ನಾವೇ ಒಲೆ ಹಚ್ಚಿ

ಬಳ್ಳಾರಿಯವರಾದ ನಮಗೆ, ಹಂಪಿಗೆದುರು ತುಂಗಭದ್ರೆಯ ಆಚೆ ದಂಡೆಯಲ್ಲಿರುವ ಆನೆಗೊಂದಿ ದೂರವೇನಲ್ಲ. ಕಂಪ್ಲಿ ಸೇತುವೆ ದಾಟಿ ಗಂಗಾವತಿ ಮುಟ್ಟಿದರೆ ಮುಗೀತು, ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರಬಹುದು. ಹಾಗಿದ್ದೂ ಅಲ್ಲಿ ಬಾಡಿಗೆ ಮನೆ ಹಿಡಿದು, ಅಕ್ಕಿ ಬೇಳೆ ಹೊತ್ತುಕೊಂಡು ಹೋಗಿ ಉಳಿಯೋದು ಯಾಕೆ ಅಂತ ನಮ್ಮ ಓಣಿಯವರು ಈಗಲೂ ಕೇಳುತ್ತಾರೆ. ಕಾರಣ ಬಿಸಿಲು. ಆ ಕಡೆ ನೋಡುವಂಥದ್ದು ಬಹುಪಾಲು ಬಂಡೆ ಮೇಲಿದೆ. ಹತ್ತು ಗಂಟೆಗೆ ಬಂಡೆ ಕಾಯೋಕೆ ಶುರು, ಸಂಜೆವರೆಗೆ ಆರಲ್ಲ. ಲಾಡ್ಜ್‌ನಲ್ಲಿದ್ದರೆ ಎಂಟಕ್ಕೆ ತಿಂಡಿ, ಒಂಬತ್ತಕ್ಕೆ ಹೊರಡೋದು, ಅಂದರೆ ಲೆಕ್ಕ ಹಾಕಿದ ಹಾಗೆ ಸರಿಯಾಗಿ ಬಿಸಿಲಿಗೇ ಹೋಗಿ ನಿಲ್ಲುತ್ತೀರಿ. ಒಲೆ ನಮ್ಮ ಕೈಯಲ್ಲಿದ್ದರೆ ನಸುಕಿಗೇ ಚಹಾ ಆಗುತ್ತದೆ, ಬುತ್ತಿ ಕಟ್ಟಿಕೊಂಡು ಹೊರಡಬಹುದು, ಮಧ್ಯಾಹ್ನ ಬಂದು ಅನ್ನ ಸಾರು ಉಂಡು ಮಲಗಬಹುದು.

ಮನೆ ಹಿಡಿಯುವಾಗ ಫೋನಿನಲ್ಲಿ 'ಕಿಚನ್ ಇದೆ' ಅಂದರೆ ಅಷ್ಟಕ್ಕೇ ನಂಬಬೇಡಿ. ಕೆಲವರ ಪ್ರಕಾರ ಒಂದು ಕರೆಂಟ್ ಕೆಟಲ್ ಇಟ್ಟರೂ ಅದು ಕಿಚನ್ನೇ. ಗ್ಯಾಸ್ ಒಲೆ ಇದೆಯಾ, ಸಿಲಿಂಡರ್‌ನಲ್ಲಿ ಗ್ಯಾಸ್ ಇದೆಯಾ, ಕುಕ್ಕರ್ ಇದೆಯಾ, ಕುಡಿಯುವ ನೀರು ಎಲ್ಲಿಂದ ತರಬೇಕು, ಇದನ್ನೆಲ್ಲ ಬಾಯಿ ಬಿಟ್ಟು ಕೇಳಿ. ಮೊಟ್ಟೆ ಬೇಯಿಸಬಹುದಾ ಅಂತಲೂ ಕೇಳಿ, ಕೆಲವು ಮನೆಯವರಿಗೆ ಅದು ಆಗಲ್ಲ. ಎಲ್ಲಕ್ಕಿಂತ ಮುಖ್ಯ, ಅಡುಗೆಮನೆ ಕಿಟಕಿಗೆ ಜಾಲರಿ ಇರಬೇಕು. ಈ ಸೀಮೆಯನ್ನು ಕಿಷ್ಕಿಂಧೆ ಅಂತಾರಲ್ಲ, ಸುಮ್ನೆ ಅಲ್ಲ. ಒಮ್ಮೆ ನನ್ನ ಕಣ್ಣೆದುರೇ ಮಂಗ ಒಂದು ಸರಳಿನ ಸಂದಿಯಿಂದ ಕೈ ತೂರಿಸಿ ಬುಟ್ಟಿಯಲ್ಲಿದ್ದ ಟೊಮೆಟೊ ಒಂದೊಂದಾಗಿ ಎತ್ತಿಕೊಂಡಿತು. ಪಕ್ಕದಲ್ಲಿದ್ದ ಹಸಿಮೆಣಸಿನಕಾಯಿ ಮೂಸಿ ನೋಡಿ ಅಲ್ಲೇ ಬಿಟ್ಟಿತು. ಅವತ್ತು ಸಾರಿಗೆ ಹುಣಸೆಹಣ್ಣೇ ಗತಿ.

ಮನೆಯಿಂದ ಒಯ್ಯುವುದು ಕಟಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ. ಅಕ್ಕಿ ಮಾತ್ರ ಗಂಗಾವತಿಯಲ್ಲೇ, ಸೋನಾ ಮಸೂರಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿಗೆ ಬೆಳೆದ ಅಕ್ಕಿಯನ್ನು ಅಲ್ಲೇ ಬೇಯಿಸಿ ಉಣ್ಣದೆ ಇನ್ನೆಲ್ಲಿ ಉಣ್ಣೋದು? ಹಳೆ ಅಕ್ಕಿ ಕೇಳಿ ತಗೊಳ್ಳಿ. ಸುಗ್ಗಿ ಮುಗಿದ ಹೊಸದರಲ್ಲಿ ಸಿಗುವ ಅಕ್ಕಿಗೆ ನೀರು ಒಂಚೂರು ಜಾಸ್ತಿ ಆದರೂ ಅನ್ನ ಮುದ್ದೆಯಾಗುತ್ತದೆ.

ಈ ಏರ್ಪಾಟಿನ ಬೆಲೆ ಗೊತ್ತಾಗೋದು ಹಿರೇಬೆಣಕಲ್‌ಗೆ ಹೋದಾಗ. ಗಂಗಾವತಿಯಿಂದ ಕೊಪ್ಪಳದ ಕಡೆ ಸುಮಾರು ಹತ್ತು ಕಿಲೋಮೀಟರ್, ಆಮೇಲೆ ಗುಡ್ಡ ಹತ್ತಬೇಕು. ಮೇಲೆ ಅಂಗಡಿ ಇಲ್ಲ, ನೆರಳು ಕಡಿಮೆ, ಕುಡಿಯುವ ನೀರು ನೀವು ಹೊತ್ತಿದ್ದಷ್ಟೇ. ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ, ದಾರಿ ತಪ್ಪೋದು ಸುಲಭ. ಪೂರ್ತಿ ಬೆಳಕಾಗದೆ ಹತ್ತಬೇಡಿ, ಆ ಗುಡ್ಡಗಳಲ್ಲಿ ಕರಡಿ, ಚಿರತೆ ಇವೆ. ಮೇಲೆ ಹೋದರೆ ಸುಮಾರು 400 ಶಿಲಾಸಮಾಧಿಗಳು, ಎರಡು ಸಾವಿರ ವರ್ಷಕ್ಕಿಂತ ಹಳೆಯವು. ಅವುಗಳಲ್ಲಿ ಎಷ್ಟೋ ನೋಡಿದರೆ ಪುಟ್ಟ ಮನೆಗಳ ಓಣಿಯ ಹಾಗೇ ಇವೆ: ಚಪ್ಪಡಿ ನಿಲ್ಲಿಸಿ ಗೋಡೆ, ಮೇಲೊಂದು ಚಪ್ಪಡಿ ಚಾವಣಿ, ಒಂದು ಗೋಡೆಗೆ ದುಂಡನೆಯ ಕಿಂಡಿ. ಆ ಕಿಂಡಿಯ ಅಂಚು ಮುಟ್ಟಿ ನೋಡಿ, ಅಷ್ಟು ಗಟ್ಟಿ ಕಲ್ಲನ್ನು ಹೇಗೆ ಅಷ್ಟು ದುಂಡಗೆ ಕೊರೆದರೋ! ಊರವರು ಇದಕ್ಕೆ ಮೋರ್ಯರ ಗುಡ್ಡ ಅಂತಾರೆ. ಅಲ್ಲೊಂದು ನಗಾರಿ ಕಲ್ಲೂ ಇದೆ, ಬಡಿದರೆ ಸದ್ದು ದೂರದವರೆಗೆ ಕೇಳುತ್ತದೆ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದ ಜಾಗ ಇದು. ಹಾಗಿದ್ದೂ ನಾವು ಹೋದ ಬೆಳಿಗ್ಗೆ ಕುರಿ ಕಾಯುವ ಹುಡುಗನನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ರೊಟ್ಟಿ ಬಿಚ್ಚಿ ಅವನಿಗೂ ಕೊಟ್ಟು ಅಲ್ಲೇ ತಿಂದೆವು. ಬಿಸಿಲು ಏರುವ ಹೊತ್ತಿಗೆ ಇಳಿದು, ಗಂಗಾವತಿಯಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು (ಅಡುಗೆಮನೆ ಇದೆ ಅಂತ ಇದನ್ನು ಬಿಡೋಕಾಗುತ್ತಾ?) ಮನೆ ಸೇರಿದೆವು.

ಅಂಜನಾದ್ರಿ ಬೆಟ್ಟಕ್ಕೂ ಇದೇ ಲೆಕ್ಕ. 575 ಮೆಟ್ಟಿಲು, ಬೆಳಿಗ್ಗೆ ಬೇಗ ಹತ್ತಿದರೆ ಕೆಳಗೆ ಭತ್ತದ ಗದ್ದೆ, ಬಾಳೆ ತೋಟ, ಹೊಳೆ ಎಲ್ಲ ಕಾಣುತ್ತವೆ. ಪಂಪಾಸರೋವರ ಸಂಜೆಗಿಟ್ಟುಕೊಳ್ಳಿ.

ಇಟಗಿ ಮಾತ್ರ ಪೂರ್ತಿ ಒಂದು ದಿನ ತಿನ್ನುತ್ತದೆ. ಕೊಪ್ಪಳ ದಾಟಿ ಕುಕನೂರಿನ ನವಲಿಂಗ ಗುಡಿ ನೋಡಿಕೊಂಡು ಹೋಗಬೇಕು. ಇಟಗಿಯದು 1112ರಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ಗುಡಿ, ಶಾಸನದಲ್ಲೇ ಅದನ್ನು ದೇವಾಲಯ ಚಕ್ರವರ್ತಿ ಅಂತ ಕರೆದಿದ್ದಾರೆ. ನೋಡಿದ ಮೇಲೆ ಅದು ಹೆಚ್ಚಾಯಿತು ಅನ್ನಿಸಲ್ಲ. ಮೊಸರನ್ನ, ಉಪ್ಪಿನಕಾಯಿ ಕಟ್ಟಿಕೊಂಡು ಹೋಗಿ.

ಹೊಳೆಗೆ ಇಳಿಯೋ ಆಸೆ ಎಲ್ಲರಿಗೂ ಆಗುತ್ತದೆ. ಬೇಡ. ತುಂಗಭದ್ರೆಯಲ್ಲಿ ಮೊಸಳೆ ಇವೆ, ಬಂಡೆ ಸಂದಿಯ ಸುಳಿ ಮೇಲಿಂದ ಕಾಣಲ್ಲ. ಸಾಣಾಪುರ ಕೆರೆಯಲ್ಲೂ ಈಜಬೇಡಿ, ಹರಿಗೋಲಿನಲ್ಲಿ ಕೂತು ಸುತ್ತಿ ಬಂದರೆ ಸಾಕು. ಮುದ್ಲಾಪುರದಿಂದ ಕಂಪ್ಲಿವರೆಗಿನ ಹೊಳೆಯನ್ನು 2015ರಲ್ಲೇ ನೀರುನಾಯಿಗಳ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದ್ದಾರೆ. ದಂಡೆಯಲ್ಲಿ ಸದ್ದು ಮಾಡದೆ ಕೂತರೆ, ಅದೃಷ್ಟ ಇದ್ದರೆ, ತಲೆ ಎತ್ತಿ ನೋಡುತ್ತವೆ.

ಹೋಗೋದಾದರೆ ನವೆಂಬರ್‌ನಿಂದ ಫೆಬ್ರವರಿ ಒಳಗೆ ಹೋಗಿ. ಡಿಸೆಂಬರ್‌ನಲ್ಲಿ ಮಾಲೆ ಹಾಕಿದ ಹನುಮ ಭಕ್ತರು ಅಂಜನಾದ್ರಿಗೆ ಬಂದು ಮಾಲೆ ತೆಗೆಯುವ ಹನುಮಮಾಲೆ ವಿಸರ್ಜನೆಯ ದಿನ ಯಾವಾಗ ಅಂತ ಮೊದಲೇ ವಿಚಾರಿಸಿ, ಆಗ ಮನೆಯೂ ಸಿಗಲ್ಲ, ಗಾಡಿ ನಿಲ್ಲಿಸೋಕೆ ಜಾಗವೂ ಸಿಗಲ್ಲ. ಮಳೆಗಾಲದಲ್ಲಿ ಡ್ಯಾಂನಿಂದ ಜಾಸ್ತಿ ನೀರು ಬಿಟ್ಟರೆ ಕಂಪ್ಲಿ ಸೇತುವೆ ಮುಳುಗುತ್ತದೆ. ಅಂಥ ಹೊತ್ತಲ್ಲಿ ನಾವು ಬಳ್ಳಾರಿ ಕಡೆಯವರು ಬುಕ್ಕಸಾಗರಕ್ಕೆ ಹೋಗಿ ಕಡೇಬಾಗಿಲು ಸೇತುವೆ ಹಿಡಿಯಬೇಕು.