ಸಿಗ್ನಲ್ ಫುಲ್, ನೆಟ್ ನಿಲ್: ಎಕ್ಸ್‌ಟೆಂಡರ್ ಜೊತೆ ನನ್ನ ಗುದ್ದಾಟ

ಹಿಂದಿನ ಕೋಣೆಗೆ ವೈಫೈ ಬರುತ್ತಿರಲಿಲ್ಲ ಅಂತ, ರೌಟರ್‌ನ ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವ ಎಕ್ಸ್‌ಟೆಂಡರ್ ಡಬ್ಬಿ ತಂದು ಅದೇ ಕೋಣೆಯ ಪ್ಲಗ್‌ಗೆ ಸಿಕ್ಕಿಸಿದೆ. ಮೊಬೈಲಲ್ಲಿ ಕಡ್ಡಿಗಳೆಲ್ಲ ತುಂಬಿದವು. ಆದರೆ ವಿಡಿಯೋ ಕಾಲ್ ಮಾಡಿದರೆ ಎದುರಿನವರ ಮುಖ ಬಾಯಿ ತೆರೆದಲ್ಲೇ ನಿಂತುಬಿಡುತ್ತಿತ್ತು. ಮೂರು ದಿನ ರೀಸೆಟ್ ಮಾಡಿದ್ದೇ ಮಾಡಿದ್ದು. ಸಹಾಯವಾಣಿಯವರೂ "ರೀಸ್ಟಾರ್ಟ್ ಮಾಡಿ ನೋಡಿ ಸರ್" ಅಂದರು, ಮಾಡಿದ್ದನ್ನೇ ಇನ್ನೊಮ್ಮೆ ಮಾಡಿದೆ.

ಕೊನೆಗೆ ಕಣ್ಣಿಗೆ ಬಿದ್ದದ್ದು ಡಬ್ಬಿಯ ಮೇಲಿನ ಪುಟ್ಟ ಕೆಂಪು ದೀಪ. ಮೊಬೈಲ್ ತೋರಿಸುವ ಕಡ್ಡಿಗಳು ಫೋನ್‌ಗೂ ಎಕ್ಸ್‌ಟೆಂಡರ್‌ಗೂ ನಡುವಿನ ಲೆಕ್ಕ ಮಾತ್ರ. ರೌಟರ್‌ನಿಂದ ತನಗೇ ಸರಿಯಾಗಿ ಸಿಗ್ನಲ್ ಸಿಗುತ್ತಿಲ್ಲ ಅಂತ ಆ ದೀಪ ಮೊದಲ ದಿನದಿಂದಲೇ ಹೇಳುತ್ತಿತ್ತು. ಬಾವಿಯೇ ಬತ್ತಿದ್ದರೆ ರಾಟೆ ಏನು ಮಾಡೀತು!

ಕಿತ್ತು ತಂದು ರೌಟರ್‌ಗೂ ಕೋಣೆಗೂ ಅರ್ಧ ದಾರಿಯಲ್ಲಿ, ಪ್ಯಾಸೇಜಿನಲ್ಲಿ ಹಾಕಿದೆ. ದೀಪ ಹಸಿರಾಯಿತು. ಕೋಣೆಯಲ್ಲಿ ಕಡ್ಡಿ ಒಂದು ಕಮ್ಮಿ, ಆದರೆ ಕಾಲ್ ನಿಲ್ಲಲಿಲ್ಲ.

ಆದರೂ ಮೈಕ್ರೋವೇವ್ ಓಡುವಾಗೆಲ್ಲ ತಡವರಿಕೆ. ನನ್ನ ವೈಫೈ ಓಡುತ್ತಿದ್ದದ್ದು 2.4 ಗಿಗಾಹರ್ಟ್ಸ್ ತರಂಗಗಳಲ್ಲಿ, ಮೈಕ್ರೋವೇವೂ ಅದರ ಆಸುಪಾಸಿನಲ್ಲೇ ಕೆಲಸ ಮಾಡುತ್ತದಲ್ಲ. ರೌಟರ್ ಜೊತೆಗಿನ ಕೊಂಡಿಯನ್ನೂ ಲ್ಯಾಪ್‌ಟಾಪನ್ನೂ 5 ಗಿಗಾಹರ್ಟ್ಸ್‌ಗೆ ಬದಲಿಸಿದ ಮೇಲೆ ಅದೂ ಹೋಯಿತು. 5 ಗಿಗಾಹರ್ಟ್ಸ್ ಸಿಗ್ನಲ್ ಗೋಡೆ ದಾಟುವುದರಲ್ಲಿ ಸ್ವಲ್ಪ ಸೋಮಾರಿ, ಹಾಗಾಗಿ ಡಬ್ಬಿಯನ್ನು ರೌಟರ್‌ಗೆ ಇನ್ನೊಂದು ಪ್ಲಗ್‌ನಷ್ಟು ಹತ್ತಿರಕ್ಕೆ ಸರಿಸಬೇಕಾಯಿತು.

ರೌಟರ್ ಪಕ್ಕದಲ್ಲಿ ಕೂತರೆ ಸಿಗುವ ವೇಗ ಮಾತ್ರ ಇಲ್ಲಿ ಸಿಗುವುದಿಲ್ಲ. ಡಬ್ಬಿಯೊಳಗಿನ ಒಂದೇ ರೇಡಿಯೋ ಕೇಳಿಸಿಕೊಳ್ಳುವುದು, ದಾಟಿಸುವುದು ಎರಡನ್ನೂ ಮಾಡುವಾಗ ವೇಗ ಹೆಚ್ಚುಕಮ್ಮಿ ಅರ್ಧಕ್ಕಿಳಿಯುತ್ತದೆ. ರೌಟರ್‌ನಿಂದ ಡಬ್ಬಿಗೆ ಕೇಬಲ್ ಎಳೆದರೆ ಸರಿಹೋಗುತ್ತದೆ. ಗೋಡೆ ಕೊರೆಯಲು ಮನೆಯವರು ಇನ್ನೂ ಒಪ್ಪಿಲ್ಲ.