ಕಳ್ಳೆ ಒಳಗಿನ ಕಮರ

ಹೋದ ತಿಂಗಳು ಊರಿನ ಇಬ್ಬರು ಕಮರ ಮರದ ಬೀಜ ಕೇಳಿಕೊಂಡು ಮನೆಗೆ ಬಂದರು. ಇದೇ ಇಬ್ಬರು ಒಂದು ಕಾಲದಲ್ಲಿ ಅರಳಿಕಟ್ಟೆ ಮೇಲೆ ಕೂತು, "ಶೇಂಗಾ ಬಿಟ್ಟು ಕಳ್ಳೆ ಬೆಳೀತಾನಂತೆ" ಅಂತ ನಕ್ಕವರು. ಕಳ್ಳೆ ಅಂದರೆ ನಮ್ಮ ಕಡೆ ಮುಳ್ಳಿನ ಪೊದೆ. ಟೀ ಕುಡಿಸಿ ಕಳಿಸಿದೆ. ಆ ಖುಷಿಯಲ್ಲೇ ಇದನ್ನು ಬರೆಯಲು ಕೂತಿದ್ದೇನೆ.

ನನ್ನದು ಚಳ್ಳಕೆರೆ ತಾಲ್ಲೂಕು, ಪರಶುರಾಂಪುರದ ಕಡೆ. ಒಟ್ಟು ಹನ್ನೊಂದು ಎಕರೆ. ಮೂರು ಎಕರೆಗೆ ಬೋರಿನ ನೀರಿದೆ. ಈರುಳ್ಳಿ, ಟೊಮೆಟೊ ಅಂತ ಸಂಸಾರ ನಡೆಯುವುದು ಅದರಲ್ಲೇ. ಉಳಿದ ಎಂಟು ಎಕರೆ ಕೆಂಪು ಗರಸು, ಅದೂ ಇಳಿಜಾರು. ಅಲ್ಲಿ ಶೇಂಗಾ ಹಾಕಿದರೆ ಮೂರು ವರ್ಷಕ್ಕೊಮ್ಮೆ ಬೀಜದ ದುಡ್ಡು ವಾಪಸ್ ಬರುತ್ತಿತ್ತು, ಅಷ್ಟೇ. ನಮ್ಮ ಕಡೆ ಮಳೆ ಎಷ್ಟು ಅಂತ ನಿಮಗೆ ಹೇಳಬೇಕಾ?

2014ರ ಜೂನ್. ಪರಿಸರ ದಿನಕ್ಕೆ ಎಲ್ಲರೂ ಗಿಡ ನೆಡುತ್ತಾರಲ್ಲ, ನಾನೂ ನೆಟ್ಟೆ. ಹೊಂಗೆ, ಬೇವು, ಹುಣಸೆ, ಕಮರ, ಸ್ವಲ್ಪ ತಪಸಿ, ಎಲ್ಲಾ ಸೇರಿ ಸುಮಾರು 1200 ಸಸಿ. ಸಸಿ ಸಬ್ಸಿಡಿ ದರದ್ದು, ಅದೇನೂ ದೊಡ್ಡ ಖರ್ಚಲ್ಲ. ದುಡ್ಡು ತಿಂದದ್ದು ಗುಂಡಿ. ಒಂದಕ್ಕೆ 25 ರೂಪಾಯಿ ಲೆಕ್ಕದಲ್ಲಿ 30 ಸಾವಿರ. ಆಮೇಲೆ ಟ್ಯಾಂಕರ್ ನೀರು, ನಲವತ್ತು ಸಲವಾದರೂ ಹೊಡೆಸಿರಬೇಕು. ಕುರಿ ನುಗ್ಗದ ಹಾಗೆ ಕಾಯಲು ಒಬ್ಬ ಹುಡುಗ. ಎಲ್ಲಾ ಕೂಡಿದರೆ ಎಪ್ಪತ್ತು ಸಾವಿರ ದಾಟಿತ್ತು.

ಮೃಗಶಿರದಲ್ಲಿ ಎರಡು ಹದ ಮಳೆ ಬಿತ್ತು. ಗಿಡ ಚಿಗುರಿದವು. ನಾನು ಮೀಸೆ ತಿರುವಿಕೊಂಡು ಓಡಾಡಿದೆ. ಆಮೇಲೆ ಶುರುವಾಯಿತು ನೋಡಿ ಆಷಾಢದ ಗಾಳಿ. ಜೋಗಿಮಟ್ಟಿ ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿದ್ದಾರಾ? ಒಂದೂವರೆ ತಿಂಗಳು ಹಗಲೂ ರಾತ್ರಿ ಬೀಸಿ ಎಲೆಯ ಪಸೆಯನ್ನೆಲ್ಲ ಹೀರಿಬಿಟ್ಟಿತು. ಉಳಿದದ್ದು ಗೆದ್ದಲಿಗೆ. ಗೆದ್ದಲು ಬಿಟ್ಟಿದ್ದು ಕುರಿಗೆ. ಮುಂದಿನ ಯುಗಾದಿಗೆ ಎಣಿಸಿದರೆ 140 ಗಿಡ.

ಬುದ್ಧಿ ಬರಲಿಲ್ಲ. 2015ರಲ್ಲಿ ನಮ್ಮಾಕೆಯ ಓಲೆ ಅಡ ಇಟ್ಟು ಮತ್ತೆ 500 ನೆಟ್ಟೆ. ಆ ವರ್ಷದ ಬರ ನೆನಪಿದೆ ಅಲ್ವಾ. ಅದರಲ್ಲಿ ಅರವತ್ತೂ ಉಳಿಯಲಿಲ್ಲ. ಓಲೆ ಬಿಡಿಸಿಕೊಳ್ಳಲು ಮೂರು ವರ್ಷ ಹಿಡಿಯಿತು. ಆ ಮೂರು ವರ್ಷ ಮನೆಯಲ್ಲಿ ಗಿಡದ ಮಾತೇ ಎತ್ತುವ ಹಾಗಿರಲಿಲ್ಲ.

ಸತ್ತ ಕಮರದ ಸಸಿಯೊಂದನ್ನು ಕಿತ್ತು ನೋಡಿದೆ. ಬೇರು ಪ್ಲಾಸ್ಟಿಕ್ ಚೀಲದ ಆಕಾರದಲ್ಲೇ ಸಿಂಬಿ ಸುತ್ತಿಕೊಂಡು ಕೂತಿತ್ತು. ನೆಲಕ್ಕೆ ಬಂದು ಒಂದು ವರ್ಷವಾದರೂ ಅದಕ್ಕೆ ಚೀಲದಿಂದ ಹೊರಗೆ ಬಂದಿದ್ದೇ ಗೊತ್ತಾಗಿರಲಿಲ್ಲ. ಕಮರ ಬದುಕುವುದೇ ತಾಯಿಬೇರಿನಿಂದ. ಅದನ್ನೇ ಮಡಚಿಟ್ಟ ಮೇಲೆ ಟ್ಯಾಂಕರ್ ತಂದು ಸುರಿದರೆ ಏನು ಬಂತು?

ದಾರಿ ತೋರಿಸಿದ್ದು ಗೊಲ್ಲರಹಟ್ಟಿಯ ಒಬ್ಬ ಅಜ್ಜ. ಕ್ಯಾತಪ್ಪನ ಜಾತ್ರೆ ನೋಡಿದವರಿಗೆ ಗೊತ್ತು, ಕಾಡುಗೊಲ್ಲರು ಮುಳ್ಳಿನಲ್ಲೇ ಗುಡಿ ಕಟ್ಟುವ ಜನ. ಕಳ್ಳೆಯ ಗುಣ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತದೆ? ಅಜ್ಜ ನನ್ನ ಖಾಲಿ ಗುಂಡಿಗಳನ್ನು ನೋಡಿ, "ಅಲ್ಲಪ್ಪಾ, ಕಾಡಲ್ಲಿ ಕಮರಕ್ಕೆ ಯಾರು ಗುಂಡಿ ತೋಡಿದ್ರು? ಹೋಗಿ ಕಳ್ಳೆ ಒಳಗೆ ಬಗ್ಗಿ ನೋಡು" ಅಂದರು. ನೋಡಿದೆ. ಕಾರೆ ಪೊದೆ, ಎಲಚಿ ಪೊದೆಗಳ ಒಳಗೆ ಅಲ್ಲೊಂದು ಇಲ್ಲೊಂದು ಕಮರ, ಬೇವು ತಾವೇ ಎದ್ದಿದ್ದವು. ಒಳಗೆ ಗಾಳಿಯಿಲ್ಲ, ಕುರಿ ಬಾಯಿ ಎಟುಕಲ್ಲ, ತರಗು ಬಿದ್ದು ಮಣ್ಣು ತಣ್ಣಗಿತ್ತು.

2016ರಿಂದ ಸಸಿ ಬಿಟ್ಟೆ. ಬೀಜವನ್ನೇ ಊರಲು ಶುರು ಮಾಡಿದೆ. ಜೂನಿನಲ್ಲಿ ಅಲ್ಲ, ಗಾಳಿ ನಿಂತ ಮೇಲೆ, ಆಗಸ್ಟ್ ಕೊನೆಗೆ ಬರುವ ಹುಬ್ಬೆ ಮಳೆಗೆ. ನಮ್ಮ ಕಡೆ ನಂಬಬಹುದಾದ ಮಳೆ ಅಂದರೆ ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ. ಬೇರಿಗೆ ಆ ಎರಡು ತಿಂಗಳು ಸಾಕು. ಹಾರೆಯಿಂದ ಒಂದು ತೂತು, ಅದರಲ್ಲಿ ಮೂರು ಬೀಜ, ಮೇಲೆ ಎರಡು ಬೆರಳು ಮಣ್ಣು. ಜಾಗ ಯಾವಾಗಲೂ ಕಳ್ಳೆಯ ಮೂಡಣ ಬದಿ, ಮಧ್ಯಾಹ್ನದ ಬಿಸಿಲಿಗೆ ಪೊದೆಯ ನೆರಳು ಬೀಳಬೇಕು. ಪೊದೆ ಇಲ್ಲದ ಕಡೆ ಕಳ್ಳೆ ಕಡಿದು ತಂದು ಕವುಚಿ ಹಾಕಿದೆ. ಕಮರದ ಕಾಯಿ ಬೇಸಿಗೆಯಲ್ಲಿ ಉದುರುತ್ತದೆ, ಹುಬ್ಬೆವರೆಗೆ ಕೆಡುವುದಿಲ್ಲ. ಆದರೆ ಎಲ್ಲಾ ವರ್ಷವೂ ಒಂದೇ ಸಮ ಬಿಡುವುದಿಲ್ಲ, ಬಿಟ್ಟ ವರ್ಷವೇ ಚೀಲ ತುಂಬಿಕೊಳ್ಳಬೇಕು. ಊರುವ ಹಿಂದಿನ ರಾತ್ರಿ ನೆನೆ ಹಾಕುತ್ತೇನೆ. ಆ ನೀರಿಗೆ ಏನು ಬೆರೆಸುತ್ತೇನೆ, ಇಲಿ ಅಳಿಲು ಯಾಕೆ ಮುಟ್ಟುವುದಿಲ್ಲ ಅನ್ನುವುದು ನನ್ನ ಹತ್ತಿರವೇ ಇರಲಿ.

ಸುಮಾರು 3000 ತೂತು. ನಾಲ್ಕು ಆಳು, ಐದಾರು ದಿನ. ಕೂಲಿ ಐದು ಸಾವಿರದ ಆಸುಪಾಸು. ಹಿಂದಿನ ಎಪ್ಪತ್ತು ಸಾವಿರದ ಪಕ್ಕ ಇಟ್ಟು ನೋಡಿ.

ಮೊದಲ ಬೇಸಿಗೆಯಲ್ಲಿ ಮೇಲಿನ ಕುಡಿ ಎಲ್ಲಾ ಒಣಗಿತು. ಅರಳಿಕಟ್ಟೆಗೆ ಮತ್ತೆ ಹಬ್ಬ. ಮಳೆ ಬಿದ್ದ ಮೇಲೆ ಬುಡದಿಂದ ಚಿಗುರಿತು. ಮರುವರ್ಷ ಮತ್ತೆ ಒಣಗಿತು, ಮತ್ತೆ ಚಿಗುರಿತು. ಮೂರನೇ ವರ್ಷ ತಡೆಯಲಾರದೆ ಒಂದನ್ನು ಅಗೆದೆ. ಮೇಲೆ ಒಂದು ಗೇಣು ಗಿಡ. ಕೆಳಗೆ ನಾಲ್ಕು ಅಡಿ ಅಗೆದರೂ ಬೇರಿನ ತುದಿ ಸಿಗಲಿಲ್ಲ. ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು. ಮಾರಿಕಣಿವೆ ಜಲಾಶಯ 89 ವರ್ಷದ ಮೇಲೆ ಕೋಡಿ ಬಿದ್ದ 2022ರಲ್ಲಿ ಅವೇ ಗಿಡಗಳು ಒಂದೇ ವರ್ಷದಲ್ಲಿ ಆಳೆತ್ತರ ಜಿಗಿದವು. ಈಗ ಒಳ್ಳೆಯವು ಹನ್ನೆರಡು ಅಡಿ ಇವೆ. ನಾನೂರು ಕಮರ ಇರಬಹುದು.

ಇನ್ನೊಂದು ವಿಷಯ, ನಾನು ಊರಿದ್ದಕ್ಕಿಂತ ಬಿಟ್ಟಿದ್ದೇ ಜಾಸ್ತಿ ಮರವಾಗಿದೆ. ಉಳುಮೆ ನಿಲ್ಲಿಸಿದ ಮೇಲೆ ಹಳೇ ಬೊಡ್ಡೆಗಳಿಂದ ಕಗ್ಗಲಿ, ಮುತ್ತುಗ ಎದ್ದವು. ನಮ್ಮಪ್ಪನ ಕಾಲದಿಂದ ವರ್ಷವರ್ಷ ನೇಗಿಲಿಗೆ ಸಿಕ್ಕಿ ಸವರಿಸಿಕೊಂಡು ನೆಲದೊಳಗೆ ಕೂತಿದ್ದವು. ಬೊಡ್ಡೆಗೆ ಹತ್ತು ಕುಡಿ ಬಂದರೆ ಗಟ್ಟಿಯಾದ ಎರಡು ಉಳಿಸಿ ಮಿಕ್ಕಿದ್ದು ಸವರುತ್ತೇನೆ, ಮೇಕೆಗೆ ಸೊಪ್ಪಾಗುತ್ತದೆ. ಬೇರು ಮೊದಲೇ ಇದೆಯಲ್ಲ, ಓಟ ಜೋರು. ಹೀಗೆ ಐನೂರಕ್ಕೂ ಮೇಲೆ.

ಬಿಡುವಿದ್ದಾಗ ಒಂದೆರಡು ಹುಚ್ಚು ಪ್ರಯೋಗವನ್ನೂ ಮಾಡಿದ್ದೇನೆ. ಕರಿಜಾಲಿ ಬೀಜ ಹಾಗೇ ಹಾಕಿದರೆ ಮೊಳೆಯಲು ಸತಾಯಿಸುತ್ತದೆ. ಅದೇ ಮೇಕೆ ತಿಂದು ದೊಡ್ಡಿಯಲ್ಲಿ ಉಗುಳಿದ ಬೀಜ ಗುಡಿಸಿ ತಂದು ಹಾಕಿದೆ, ವಾರದಲ್ಲಿ ಎದ್ದವು. ಬೇವಿನ ಬೀಜದ್ದು ಬೇರೆ ಕಷ್ಟ. ಉದುರಿ ಕೆಲವೇ ವಾರಕ್ಕೆ ಜೀವ ಹೋಗುತ್ತದೆ, ಹುಬ್ಬೆವರೆಗೆ ಎಲ್ಲಿ ಕಾಯುವುದು? ಅದಕ್ಕೆ ಒಣ ಕೊಂಬೆಗಳನ್ನು ಪೊದೆಗಳ ನಡುವೆ ನೆಟ್ಟೆ, ಹಕ್ಕಿ ಕೂರಲಿ ಅಂತ. ಗೊರವಂಕಗಳು ಕೂತು ಹಿಕ್ಕೆ ಹಾಕಿ ಬೇವಿನ ಕೆಲಸ ಮುಗಿಸಿದವು, ಕೂಲಿ ಕೇಳಲಿಲ್ಲ. ಹಾಗೇ ಎರಡು ಗಂಧದ ಗಿಡವೂ ಎದ್ದಿವೆ. ಎಲ್ಲಿ ಅಂತ ಕೇಳಬೇಡಿ. ಹೊಂಗೆ ಮಾತ್ರ ಈ ಗರಸಿನಲ್ಲಿ ನನಗೆ ಒಲಿಯಲೇ ಇಲ್ಲ.

ಒಂದು ಮಾರ್ಚಿಯಲ್ಲಿ ಯಾರೋ ಬೀಡಿ ಎಸೆದು ಎರಡು ಎಕರೆ ಸುಟ್ಟಿತು. ಕಗ್ಗಲಿ ತಿರುಗಿ ಎದ್ದವು, ಎಳೇ ಕಮರ ತುಂಬಾ ಹೋದವು. ಅಂದಿನಿಂದ ಸಂಕ್ರಾಂತಿಯೊಳಗೆ ಸುತ್ತಲೂ ಎರಡು ಸಾಲು ಟ್ರ್ಯಾಕ್ಟರ್ ಹೊಡೆಸಿ ಹುಲ್ಲು ಕೆರೆಸುತ್ತೇನೆ.

ಈಗ ದುಡ್ಡಿನ ಮಾತು. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯ ಹಣ ಬರುವುದು ಅರಣ್ಯ ಇಲಾಖೆ ನರ್ಸರಿಯಿಂದ ಕೊಂಡ ಸಸಿ ಬದುಕಿದ್ದರೆ. ನನಗೆ ಬಂದದ್ದು ಆ ಮೊದಲ 140 ಗಿಡಕ್ಕೆ. ಅದರಲ್ಲೂ ಎಣಿಸಲು ಬಂದವರು ಎಲೆ ಉದುರಿಸಿ ನಿಂತ ಗಿಡಗಳನ್ನು "ಒಣಗಿವೆ" ಅಂತ ಬರೆದುಕೊಂಡು ಹೋದರು. ಉಗುರಿನಿಂದ ತೊಗಟೆ ಕೆರೆದು ಹಸಿರು ತೋರಿಸಿದೆ, ಪೆನ್ನು ಜೇಬಿಗೆ ಹೋಗಿಯಾಗಿತ್ತು.

ಆಮೇಲೆ ಕಾರ್ಬನ್ ಕ್ರೆಡಿಟ್ ಕಂಪನಿಯವರು ಅಂತ ಕಾರಿನಲ್ಲಿ ಬಂದರು. ಒಂದು ಕ್ರೆಡಿಟ್ ಅಂದರೆ ಒಂದು ಟನ್ ಇಂಗಾಲದ ಡೈಆಕ್ಸೈಡ್. ಟನ್ನಿಗೆ 500 ಕೊಡುತ್ತೇವೆ, ಮೂವತ್ತು ವರ್ಷ ಮರ ಕಡಿಯಬಾರದು ಅಂದರು. ಅವರು ಹೋದ ಮೇಲೆ ಟೇಪು ಹಿಡಿದು ನಾನೇ ಕೂತೆ. ಎದೆಮಟ್ಟದಲ್ಲಿ 50 ಸೆಂ.ಮೀ. ಸುತ್ತಳತೆಯ ಬೇವು, ಬೇರು ಸೇರಿ ಒಣ ತೂಕ ಅಂದಾಜು 80 ಕೆಜಿ. ಅದರಲ್ಲಿ ಅರ್ಧ ಇಂಗಾಲ, 40 ಕೆಜಿ. ಅದನ್ನು ಡೈಆಕ್ಸೈಡ್ ಲೆಕ್ಕಕ್ಕೆ ತರಲು 3.67ರಿಂದ ಗುಣಿಸಿದರೆ ಹತ್ತಿರ ಹತ್ತಿರ 150 ಕೆಜಿ. ಅಂಥ ಏಳು ಮರಕ್ಕೆ ಒಂದು ಟನ್. ನನ್ನ ಹತ್ತಿರ ಅಷ್ಟು ದಪ್ಪದವು ಇರುವುದೇ ನೂರೈವತ್ತು, ಮಿಕ್ಕವು ಇನ್ನೂ ಕೋಲು. ಎಲ್ಲಾ ಸೇರಿದರೂ ಇಷ್ಟು ವರ್ಷಕ್ಕೆ 40 ಟನ್, ಅಂದರೆ 20 ಸಾವಿರ. ಮೊದಲ ವರ್ಷದ ಗುಂಡಿಯ ಕೂಲಿಯೂ ಹುಟ್ಟಲ್ಲ! ಅದೂ ಅಲ್ಲದೆ, "ಬೊಡ್ಡೆಯಿಂದ ಬಂದದ್ದು ನೀವು ನೆಟ್ಟದ್ದಲ್ಲವಲ್ಲ" ಅಂದರು. ಸಹಿ ಹಾಕಲಿಲ್ಲ. ಇಂಗಾಲ ಮರದಲ್ಲೇ ಇರಲಿ, ನನ್ನ ಪಹಣಿ ನನ್ನ ಹತ್ತಿರ ಇರಲಿ.

ನಿಜವಾಗಿ ಕೈಗೆ ಬರುತ್ತಿರುವುದು ಹುಲ್ಲು. ಎಂಟರಲ್ಲಿ ಎರಡು ಎಕರೆಗೆ ಒಂದು ಬೀಜವನ್ನೂ ಊರಿಲ್ಲ, ಬೇಕೆಂದೇ ಬಯಲು ಬಿಟ್ಟಿದ್ದೇನೆ. ನೆಲದಲ್ಲಿ ಗೂಡು ಮಾಡುವ ಹಕ್ಕಿಗೆ ಮರ ಬೇಡ, ಬಯಲು ಬೇಕು. ಹಕ್ಕಿ ಎದ್ದು ಹೋದ ಮೇಲೆ ಹುಲ್ಲು ಕೊಯ್ದು ಮಾರುತ್ತೇನೆ. ಮರದ ಕೆಳಗಿನದೂ ಸೇರಿ ವರ್ಷಕ್ಕೆ ಹದಿನೈದು ಇಪ್ಪತ್ತು ಸಾವಿರ. ಗೊಬ್ಬರವಿಲ್ಲ, ಔಷಧಿಯಿಲ್ಲ. ಆ ನೆಲದ ಶೇಂಗಾ ಇಷ್ಟು ಕೊಟ್ಟಿದ್ದು ನನಗೆ ನೆನಪಿಲ್ಲ. ಕೌಜುಗ ಬೆಳಗಿನ ಜಾವ ಕೂಗುತ್ತವೆ. ಮೊಲ ಬಂದವು, ಹಿಂದೆಯೇ ನರಿ ಬಂತು. ಹೋದ ವರ್ಷ ಕರಡಿಯ ಹಿಕ್ಕೆ ಸಿಕ್ಕಿತು, ತುಂಬಾ ಎಲಚಿ ಬೀಜ. ತಂದು ಊರಿದ್ದೇನೆ. ನವಿಲು ಮಾತ್ರ ವಿಪರೀತ, ಪಕ್ಕದ ಹೊಲದವರ ಶೇಂಗಾ ಕೆದಕಿ ನನಗೆ ಬೈಗುಳ ತಂದುಕೊಡುತ್ತಿವೆ.

ಬೀಜ ಕೇಳಲು ಬಂದ ಆ ಇಬ್ಬರಿಗೂ ಒಂದೊಂದು ಸೇರು ಕೊಟ್ಟೆ. ಯಾವ ಜಾಗದ ಕಮರದ್ದು ಅಂತ ಹೇಳಲಿಲ್ಲ. ಹುಬ್ಬೆ ಮಳೆವರೆಗೆ ಚೀಲ ಬಿಚ್ಚಬೇಡಿ, ಹೊಲದ ಕಳ್ಳೆ ಕೀಳಬೇಡಿ ಅಂತ ಎರಡೆರಡು ಸಲ ಹೇಳಿ ಕಳಿಸಿದೆ. ಅವರಲ್ಲಿ ಒಬ್ಬರು ನಿನ್ನೆ ಫೋನ್ ಮಾಡಿದ್ದರು, "ಅಣ್ಣಾ, ಜೆಸಿಬಿ ತರಿಸಿ ಕಳ್ಳೆ ಎಲ್ಲಾ ಕ್ಲೀನ್ ಮಾಡಿಸ್ತಿದೀನಿ, ಗುಂಡಿ ಎಷ್ಟಡಿ ತೋಡಿಸ್ಲಿ?"